ಒದ್ದರೆ ಇನ್ನೂ ನಾಲ್ಕು ಸೇರು

ಹಾಲಿನ ಪ್ಯಾಕೆಟ್ ಕತ್ತರಿಸುವ ಮೊದಲೇ ಮೊಬೈಲಿಗೆ ಚಕ್ರವರ್ತಿ ಬಂದಿದ್ದ. ಪಕ್ಕದ್ಮನೆ ರಾಯರ ಫಾರ್ವರ್ಡ್, ನಿಮಗೂ ಬಂದಿರುತ್ತೆ: ಕ್ರಿ.ಪೂ. 221ರಲ್ಲಿ ಚೀನಾದ ಛಿನ್ ಷಿ ಹುವಾಂಗ್ ಒಂದೇ ಏಟಿಗೆ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ತಂದನಂತೆ. ‘ಇಂಥವನೊಬ್ಬ ಬೇಕು!’

ಬೇಕೇ ಬೇಕು. ಆಜ್ಞೆ ಬರೀ 40 ಅಕ್ಷರ. ನಮ್ಮ ಸುತ್ತೋಲೆಗಳಲ್ಲಿ ‘ಉಲ್ಲೇಖ’ ಮುಗಿಯೋಕೇ ಅಷ್ಟು ಸಾಲದು. ಆಸಾಮಿ ಖರ್ಚನ್ನೂ ಉಳಿಸಿದ: ಅವನಿಗೂ 123 ವರ್ಷ ಮೊದಲು ಅದೇ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಮಾಡಿಸಿದ್ದ ಕಂಚಿನ ಶೆಂಗ್ (ಅವರ ಸೇರು ಅನ್ನಿ) ಇತ್ತಲ್ಲ, ಅದರ ತಳಕ್ಕೇ ಆಜ್ಞೆ ಕೆತ್ತಿಸಿದ. ಹಿಡಿಸುವುದು ಸುಮಾರು 200 ಮಿಲಿ, ಒಂದು ಲೋಟ ಕಾಫಿ. ಶಾಂಗ್ ಯಾಂಗ್‌ನನ್ನು ರಥಗಳಿಗೆ ಕಟ್ಟಿ ಸೀಳಿದರು. ಪಾತ್ರೆ ಮಾತ್ರ ಶಾಂಘೈ ಮ್ಯೂಸಿಯಂನಲ್ಲಿ ಕ್ಷೇಮವಾಗಿದೆ.

ಛಿನ್ ರಾಜ್ಯದ ಕಾನೂನಿನಲ್ಲಿ 120 ‘ಚಿನ್’ (ಅವರ ತೂಕದ ಅಳತೆ) ತೂಕದಲ್ಲಿ ಒಂದು ಚಿನ್ ಹೆಚ್ಚುಕಮ್ಮಿಯಾದರೆ ಒಂದು ಯುದ್ಧಕವಚದಷ್ಟು ದಂಡ. ಕಟ್ಟಬೇಕಾದವನು ಉಸ್ತುವಾರಿ ಅಧಿಕಾರಿ! ಈ ಸಾಲು ಫಾರ್ವರ್ಡಿನಲ್ಲಿಲ್ಲ. ಯಾಕೋ.

ಆಮೇಲೆ ಆ ಸೇರು ಏನಾಯಿತು ಅಂತಲೂ ಇಲ್ಲ. ಏನಾಯಿತು, ಮೈ ಬಂತು. ತಾಂಗ್ ದೊರೆಗಳ ಕಾಲಕ್ಕೆ (7–10ನೇ ಶತಮಾನ) 600 ಮಿಲಿ, ಚಿಂಗ್ ದೊರೆಗಳ ಕಾಲಕ್ಕೆ (17–20ನೇ ಶತಮಾನ) ಹತ್ತಿರ ಹತ್ತಿರ ಒಂದು ಲೀಟರು. 23 ಸೆಂಟಿಮೀಟರಿನ ‘ಚಿ’ ಕೋಲೂ 30 ದಾಟಿತು. ತೆರಿಗೆ ಬರುತ್ತಿದ್ದುದು ದವಸ, ಬಟ್ಟೆಯಲ್ಲಿ ನೋಡಿ. ಸೇರುಗಳ ಲೆಕ್ಕ ಏರಿಸಿದರೆ ದಂಗೆ; ಸೇರನ್ನೇ ಹಿಗ್ಗಿಸಿದರೆ ಕಡತದಲ್ಲಿ ತೆರಿಗೆ ಇದ್ದಷ್ಟೇ ಇರುತ್ತೆ. ಅರ್ಥಶಾಸ್ತ್ರಜ್ಞರು ಕಾಲಿಗೆ ಬೀಳಬೇಕು.

ಮಿಂಗ್ ದೊರೆಗಳ ಕಾಲದ (14–17ನೇ ಶತಮಾನ) ತೆರಿಗೆ ಉಗ್ರಾಣಕ್ಕೆ ಬನ್ನಿ. ‘ಹು’ ಅನ್ನುವ ದೊಡ್ಡ ಕೊಳಗಕ್ಕೆ ರೈತ ಅಕ್ಕಿ ಸುರಿಯುತ್ತಾನೆ. ಕಂಠದಲ್ಲಿ ನಿಲ್ಲಿಸುವಂತಿಲ್ಲ, ಮೇಲೆ ಗೋಪುರ ಏಳಬೇಕು. ಗುಮಾಸ್ತ ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು, ಝಾಡಿಸಿ ಒದೆಯುತ್ತಾನೆ. ಗೋಪುರ ನೆಲಕ್ಕೆ. ಚೆಲ್ಲಿದ್ದು ‘ಸವಕಳಿ’, ರೈತ ಬಗ್ಗಿ ಬಳಿದುಕೊಳ್ಳುವಂತಿಲ್ಲ. ಒದೆತಕ್ಕೆ ಒಳಗಿನ ಅಕ್ಕಿಯೂ ಕುಸಿದಿದೆಯಲ್ಲ? ‘ಎಲ್ಲಪ್ಪಾ ತುಂಬಿದೆ? ಇನ್ನೂ ಹಾಕು.’ ಪಾತ್ರೆ ಮಾತ್ರ ಸರ್ಕಾರಿ ಅಳತೆಯದ್ದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಭ್ಯಾಸವಿಲ್ಲದವನಿಗೆ ಆ ಒದೆತ ಬರುತ್ತಿರಲಿಲ್ಲ ಅಂತ ಕಾಣುತ್ತೆ, ಕಾಲ್ಬೆರಳು ಮುರಿದೀತು.

ಸಾಕು, ನಗು ಬರುತ್ತಿಲ್ಲ. ವರ್ಷವಿಡೀ ಕೆಸರಲ್ಲಿ ನಿಂತವನ ಅಕ್ಕಿ ಅದು. ಅವನ ಕಣ್ಣೆದುರೇ ಒದ್ದು, ಗುಡಿಸಿಕೊಂಡು ಹೋದರು. ಅದಕ್ಕೊಂದು ಹೆಸರೂ ಇತ್ತು, ‘ಲಿನ್ ಚಿಯೆನ್ ತಿ ಹು’: ಗೋಪುರ ಏರಿಸು, ಕೊಳಗಕ್ಕೆ ಒದೆ. ಹೆಸರಿಡುವಷ್ಟು ಮಾಮೂಲಾಗಿತ್ತು.

ಇಷ್ಟನ್ನೂ ರಾಯರಿಗೆ ಟೈಪ್ ಮಾಡಿ ಕಳಿಸಿದೆ. ನೀಲಿ ಟಿಕ್ ಬಿತ್ತು. ಹಿಂದೆಯೇ ಉತ್ತರ: ‘ಅದೇ ದೊರೆಯ ಮಹಾಗೋಡೆ ಚಂದ್ರನಿಂದಲೂ ಕಾಣುತ್ತದಂತೆ, ಗೊತ್ತಾ? ಹತ್ತು ಜನಕ್ಕೆ ಕಳಿಸಿ.’