ಸತ್ಯಾಂಶ: ಒಂದು ಹಿಡಿ ಉಪ್ಪಿಗೆ ಪಾಚಿ ಸಾಯುತ್ತದೆಯೇ?

ಸಿಹಿನೀರಿನ ಪಾಚಿಗೆ ಉಪ್ಪು ವಿಷವಾದ್ದರಿಂದ ಟ್ಯಾಂಕಿಗೆ ಒಂದು ಹಿಡಿ ಉಪ್ಪು ಹಾಕಿದರೆ ಅದು ಮತ್ತೆಂದೂ ಹುಟ್ಟುವುದಿಲ್ಲ ಎಂಬ ಸಂದೇಶ ಗೋವಾದ ವಾಸ್ಕೊದಲ್ಲಿರುವ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. 1000 ಲೀಟರಿನ ಟ್ಯಾಂಕಿಗೆ 50 ಗ್ರಾಂ ಉಪ್ಪು ಹಾಕಿದರೆ ಲೀಟರಿಗೆ ಬರುವುದು 0.05 ಗ್ರಾಂ, ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ.

ಉಪ್ಪು ಹೆಚ್ಚಾದರೆ ಕೋಶದೊಳಗಿನ ನೀರು ಹೊರಹೋಗುತ್ತದೆ, ಸೋಡಿಯಂ ಒಳನುಗ್ಗುತ್ತದೆ ಎಂಬುದೇನೋ ನಿಜ. ಆದರೆ ಹಸಿರು ಪಾಚಿಗಳಲ್ಲಿ ಹಲವು ಸೋಡಿಯಮ್ಮನ್ನು ಹೊರದಬ್ಬುವುದನ್ನೂ, ಗ್ಲಿಸರಾಲ್‌ನಂಥ ವಸ್ತುವನ್ನು ತಯಾರಿಸಿ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುವುದನ್ನೂ ವಿಕಾಸದ ಹಾದಿಯಲ್ಲಿ ರೂಢಿಸಿಕೊಂಡಿವೆ. ಗಟ್ಟಿಯಾದ ಕೋಶಭಿತ್ತಿಯೇ ಇಲ್ಲದ ಡುನಾಲಿಯೆಲ್ಲಾ ಎಂಬ ಹಸಿರು ಪಾಚಿ, ಉಪ್ಪು ಹರಳುಗಟ್ಟುವ ಮಡಿಗಳಲ್ಲಿ, ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಾದ ನೀರಿನಲ್ಲೂ ಬದುಕುತ್ತದೆ. ಆ ನೀರು ಕೆಲವೊಮ್ಮೆ ಕೇಸರಿಗೆ ತಿರುಗುವುದಕ್ಕೆ ಆ ಪಾಚಿಯಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಬಣ್ಣದ ವಸ್ತು ಒಂದು ಕಾರಣ. ಸಿಹಿನೀರಿನ ಕ್ಲಾಮಿಡೊಮೊನಾಸ್ ಪಾಚಿಯನ್ನು ಪ್ರಯೋಗಾಲಯದ ಉಪ್ಪುನೀರಿನಲ್ಲಿ ಸಾವಿರಕ್ಕೂ ಹೆಚ್ಚು ತಲೆಮಾರು ಬೆಳೆಸಿದಾಗ, ಅದರ ಸಂತತಿ ಮೂಲ ಪಾಚಿಗಿಂತ ಹೆಚ್ಚು ಉಪ್ಪನ್ನು ತಾಳಿಕೊಂಡಿತು.

ಟ್ಯಾಂಕಿನಲ್ಲಿ ಪಾಚಿ ಬೆಳೆಯಲು ಬೆಳಕು ಬೇಕು. ಆದ್ದರಿಂದ ಗೋಡೆಯನ್ನು ತಿಕ್ಕಿ ತೊಳೆದು, ಮುಚ್ಚಳವನ್ನು ಬಿಸಿಲು ನುಸುಳದಂತೆ ಭದ್ರವಾಗಿ ಮುಚ್ಚಿಡಬೇಕು.