ಸತ್ಯಾಂಶ: ರೊಟ್ಟಿ ತಿನ್ನುವ ಹಳ್ಳಿಯವರಿಗೆ ಶುಗರ್ ಬರುವುದಿಲ್ಲವೇ?

‘ಜೋಳದ ರೊಟ್ಟಿ ತಿಂದು ಹೊಲದಾಗ ದುಡಿಯೋರಿಗೆ ಶುಗರ್, ಬಿಪಿ ಬರೂದಿಲ್ಲ’ ಎಂಬ ಸಂದೇಶ ವಿಜಯಪುರ, ಬಾಗಲಕೋಟೆ ಕಡೆ ಓಡಾಡುತ್ತಿದೆ. ಇದು ತಪ್ಪು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದಂತೆ ದೇಶದ ಹಳ್ಳಿಗಳ ವಯಸ್ಕರಲ್ಲಿ ಶೇ 8.9 ಮಂದಿಗೆ ಮಧುಮೇಹವಿದೆ.

ರೊಟ್ಟಿಯಲ್ಲಿ ದೋಷವಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬದಲಾದದ್ದು ಸುತ್ತಲಿನ ಬದುಕು. ಅನೇಕ ಮನೆಗಳಲ್ಲಿ ರಾತ್ರಿಯೂಟ ರೇಷನ್ ಅಕ್ಕಿಯ ಅನ್ನವಾಗಿದೆ. ಉಳುಮೆ ಟ್ರ್ಯಾಕ್ಟರಿಗೆ ಹೋಯಿತು, ಹೊಲಕ್ಕೆ ಹೋಗುವುದೂ ಬೈಕಿನಲ್ಲೇ. ಕಿರಾಣಿ ಅಂಗಡಿಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ ಸಿಗುವಷ್ಟು ಸುಲಭವಾಗಿ ಹಣ್ಣು ಸಿಗುವುದಿಲ್ಲ. ಸಂಜೆ ಬೀದಿದೀಪವಿಲ್ಲದ ದಾರಿಯಲ್ಲಿ ಹೆಣ್ಣುಮಕ್ಕಳು ಎಲ್ಲಿ ನಡೆಯಬೇಕು? ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಅಳತೆ ಅಡುಗೆಮನೆಯಿಂದ ಶುರುವಾಗಲಿ. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ ಉಪ್ಪು, ಎರಡು ಲೀಟರ್ ಎಣ್ಣೆ ಸಾಕು. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕಕ್ಕೇ ಸೇರಬೇಕು. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ದಿನಕ್ಕೆ ನಾಲ್ಕು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಎಂದರೆ ಸುಮಾರು 40 ಗ್ರಾಂ ಸಕ್ಕರೆ. ಅದನ್ನು ಅರ್ಧಕ್ಕಿಳಿಸಿ. ಬಿತ್ತನೆ, ಸುಗ್ಗಿ ಇಲ್ಲದ ತಿಂಗಳಲ್ಲೂ ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.