ಹಕ್ಕಿ ನೋಡೋಕೆ ಸ್ಪೀಕರ್ ಯಾಕ್ರೀ?

ಇವತ್ತು ಬೆಳಗ್ಗೆ ಕೆಮ್ಮಣ್ಣುಗುಂಡಿ ರಸ್ತೇಲಿ ಸಿಳ್ಳಾರ ಹಕ್ಕಿ ಕೂಗ್ತು ಅಂತ ಉಸಿರು ಬಿಗಿಹಿಡಿದು ನಿಂತ್ರೆ, ಕೂಗ್ತಿದ್ದದ್ದು ಯಾರದೋ ಕೈಲಿದ್ದ ಬ್ಲೂಟೂತ್ ಸ್ಪೀಕರ್! ಸಾಕಾಗ್ಹೋಗಿದೆ. ವೀಕೆಂಡ್ ಬಂದ್ರೆ ಇದೇ ಗೋಳು, ಹಕ್ಕಿ ಹತ್ರ ಬರ್ಲಿ ಅಂತ ಅದರ ಕೂಗಿನ ಒಂದೇ ರೆಕಾರ್ಡಿಂಗ್ ಮತ್ತೆ ಮತ್ತೆ ಹಾಕೋದು, ಪಾಪ ಆ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಮೇವು ಬಿಟ್ಟು ಗೂಡು ಬಿಟ್ಟು ಕೊಂಬೆಯಿಂದ ಕೊಂಬೆಗೆ ಅಲೀತಿರುತ್ತೆ, ಈ ಫೋಟೋಗ್ರಾಫರ್‌ಗಳು ಟಕಟಕ ಫೋಟೋ ಹೊಡೀತಾರೆ. ಅಷ್ಟೊತ್ತು ಮರಿಗೆ ಹುಳ ತಂದು ಹಾಕೋರು ಯಾರು?

ಚಿಟ್ಟೆಗಳ ಪಾಡಂತೂ ಕೇಳ್ಲೇಬೇಡಿ. ಒದ್ದೆ ಮಣ್ಣಲ್ಲಿ ಉಪ್ಪಿನಂಶ ಹೀರ್ತಾ ಗುಂಪಾಗಿ ಕೂತಿರ್ತವೆ, ಜೀಪು ಅವುಗಳ ಮೇಲೇ ಹೋಗುತ್ತೆ. ಸದರ್ನ್ ಬರ್ಡ್‌ವಿಂಗ್ ನಮ್ಮ ರಾಜ್ಯದ ಚಿಟ್ಟೆ ಕಣ್ರೀ, ಅದು ಹೂವಿನ ಮೇಲೆ ಕೂತ್ರೆ ರೆಂಬೆ ಅಲ್ಲಾಡ್ಸಿ ಹಾರ್ಸೋದು ಯಾವ ಸೀಮೆ ಫೋಟೋಗ್ರಫಿ? ಒಂದು ಗಂಟೆ ಬಾಯಿ ಮುಚ್ಕೊಂಡು ಕೂರೋಕಾಗಲ್ವಾ ನಿಮಗೆ?